ಹೊಸ ಟ್ಯಾಬಿನ್ಯಾಗ ತಗದಿಟ್ಟ ಹುಡುಗ

ನಾ ಮರಾಠಿ ಸೀಮ್ಯಾಗ, ಕೋಥರೂಡದಾಗ, ಮನ್ಯಾಗ ಕೂತು ಸಣ್ಣಪುಟ್ಟ ಮಂದಿಗೆ ವೆಬ್‌ಸೈಟ್ ಮಾಡಿಕೊಡತೇನಿ. ಈ ಕೆಲಸದಾಗ ವಾರಕ್ಕೊಂದರೆ ಮಜಾ ಆಗೇ ಆಗ್ತದ, ಮತ್ತ ಜಗಳ ಯಾವಾಗಲೂ ಒಂದ: ಲಿಂಕ್ ಒತ್ತಿದರ ಇದ್ದ ಪುಟ ಹೋಗಿ ಅದರ ಜಾಗಾಕ್ಕ ಹೊಸಾದು ಬರಬೇಕೋ, ಇದ್ದದ್ದು ಹಂಗ ಇದ್ದು ಬಾಜೂಕ ಹೊಸ ಟ್ಯಾಬ್ ತಗೀಬೇಕೋ? ಓದಿದವರು ಇದಕ್ಕ ಏನೇನೋ ನಿಯಮ ಬರದಾರ. ನನಗ ಮಾತ್ರ ಮಂದಿ ಯಾಕ ಹಂಗ ಬೇಕಂತಾರ ಅನ್ನೂದ ಭಾಳ ಕುತೂಹಲ. ಕೇಳ್ತೇನಿ, ಬೈಸಿಕೊಳ್ತೇನಿ, ಮತ್ತ ಕೇಳ್ತೇನಿ. ಹಿಂಗ ಕೇಳಕೋತ ಹೋಗಿ ಕಡೀಕ ಮಾತು ಧನಕವಡಿ ಮಾವಶಿ ಮಗಳ ಲಗ್ನದ ತನಕ ಹೋತು.

೧. ಒಬ್ಬ ಗಿರಾಕಿ, ಎರಡು ಟೇಬಲ್

ನಮ್ಮ ಓಣಿ ತುದೀಗೆ ಉಡುಪಿ ಕಡೆಯವರದೊಂದು ಹೋಟೆಲ್ ಅದ. ಅವರ ವೆಬ್‌ಸೈಟಿನ್ಯಾಗ ತಿಂಡಿ ಪಟ್ಟಿ ಒತ್ತಿದರ ಹೊಸ ಟ್ಯಾಬ್ ತಗಿಯೂ ಹಂಗ ಮಾಡಿದ್ದೆ. ಮಾಲಕರು ನೋಡಿ ಹುಬ್ಬು ಗಂಟು ಹಾಕಿದ್ರು. "ಒಬ್ಬ ಗಿರಾಕಿಗೆ ಎರಡು ಟೇಬಲ್ ಯಾಕೆ ಮಾರಾಯ್ರೆ? ಮಧ್ಯಾಹ್ನದ ರಶ್ಶಿನಲ್ಲಿ ನಾನು ಮಂತ್ರಿ ಬಂದ್ರೂ ಕೊಡುವುದಿಲ್ಲ" ಅಂದ್ರು.

ಖರೇನ ಅನಿಸ್ತು. ಎಲ್ಲಾ ಲಿಂಕೂ ಅದ ಟ್ಯಾಬಿನ್ಯಾಗ ತಗಿಯೂ ಹಂಗ ಮಾಡಿಕೊಟ್ಟೆ. ವಾರ ಆಗೂದರಾಗ ಫೋನು. ದಾರಿ ಹುಡುಕಲಿಕ್ಕೆ ನಕಾಶೆ ಒತ್ತಿದವರಿಗೆ ಹೋಟೆಲಿನ ಪುಟಾನ ಮಾಯ ಆಗ್ತದಂತ, ತಿರುಗಿ ಯಾರೂ ಬರೂದಿಲ್ಲಂತ. ನೀವ ಹೇಳಿದ್ರಲ್ಲ, ಒಂದ ಟೇಬಲ್ ಅಂತ, ಅಂದೆ.

"ಹೌದು ಅಕ್ಕ. ಹಾಗಂತ ಅವ ಕೈ ತೊಳೆಯಲಿಕ್ಕೆ ಎದ್ದದ್ದೇ ತಟ್ಟೆ ತೆಗೆಯುವುದಾ?"

ಅವತ್ತಿನಿಂದ ನಂದೂ ಅದ ನಿಯಮ: ಸೈಟಿನ ಒಳಗಿನ ಪುಟ ಅದ ಟ್ಯಾಬಿನ್ಯಾಗ, ಹೊರಗಿನದು ಹೊಸ ಟ್ಯಾಬಿನ್ಯಾಗ. ಯಾವ ಗಿರಾಕಿ ಯಾಕ ಹಂಗ ಅಂತ ಕೇಳಿದ್ರೂ ನಾ ತಟ್ಟೆ ಕಥಿ ಹೇಳ್ತೇನಿ.

೨. ಸೀರಿ ಅಂಗಡಿ ನ್ಯಾಯ

ನಮ್ಮ ಕನ್ನಡ ಮಂಡಳಿಯವರು ವಧು-ವರರ ವೆಬ್‌ಸೈಟ್ ಮಾಡಿಸಿದ್ರು. ಹುಡುಗನ ಹೆಸರು ಒತ್ತಿದರ ಎಲ್ಲೆ ತಗೀಬೇಕು ಅನ್ನೂದಕ್ಕ ಒಂದು ಮೀಟಿಂಗೂ ಆತು. ಅಧ್ಯಕ್ಷರು ರಿಟಾಯರ್ ಆದ ಕಾರಕೂನರು. ಒಂದು ಫೈಲು ಮುಚ್ಚಿದ ಮ್ಯಾಲೆ ಇನ್ನೊಂದು ಫೈಲು, ಒಬ್ಬ ಹುಡುಗನ್ನ ನೋಡಿ ಮುಗಿಸಿದ ಮ್ಯಾಲೆ ಇನ್ನೊಬ್ಬ ಹುಡುಗ, ಹತ್ತು ಹುಡುಗೂರನ್ನ ಸಾಲಾಗಿ ನಿಲ್ಲಿಸಲಿಕ್ಕೆ ಇದೇನು ಕಾಯಿಪಲ್ಲೆ ಸಂತಿ ಏನು ಅಂದ್ರು. ಹೆಣ್ಣುಮಕ್ಕಳು ಒಪ್ಪಲಿಲ್ಲ. ಸೀರಿ ಅಂಗಡ್ಯಾಗ ಒಂದು ಸೀರಿ ಮಡಚಿಟ್ಟು ಇನ್ನೊಂದು ತೋರಿಸ್ತಾರೇನು? ಎಲ್ಲಾ ಹರವಿದರನ ಅಂಚು ಸೆರಗು ತಾಳೆ ಹಾಕಿ ನೋಡಲಿಕ್ಕೆ ಬರ್ತದ ಅಂದ್ರು.

ಅಧ್ಯಕ್ಷರು ಇನ್ನೂ ವಾದ ಮಾಡೂದರಾಗ ಇದ್ರು. ಅವರ ಮನೆಯವರು ಹಿಂದಿನ ಕುರ್ಚಿಯಿಂದ ಮೆಲ್ಲಕ ಅಂದ್ರು: "ನನ್ನ ನೋಡಲಿಕ್ಕೆ ಬರೂಕಿಂತ ಮೊದಲ ಇವರು ಹದಿನಾಲ್ಕು ಮನಿ ಉಪ್ಪಿಟ್ಟು ತಿಂದಿದ್ರು."

ಹೊಸ ಟ್ಯಾಬ್ ಅಂತ ಠರಾವು ಪಾಸಾತು. ಅಧ್ಯಕ್ಷರ ಸಹಿ ಎಲ್ಲಾರಕಿಂತ ಮೊದಲ ಬಿತ್ತು.

೩. ಟಾವೆಲ್ ಹಾಕಿಟ್ಟ ಸೀಟು

ಧನಕವಡ್ಯಾಗ ಇರೂ ಈ ಮಾವಶಿ ನನಗ ಖರೇ ಚಿಗವ್ವ ಏನೂ ಅಲ್ಲ, ಮಂಡಳ್ಯಾಗ ಎಲ್ಲಾರೂ ಅವರನ್ನ ಹಂಗ ಕರೀತಾರ. ಅವರ ಮಗಳಿಗೆ ಮೂವತ್ತೊಂದು. ಬಂದ ಹುಡುಗೂರಿಗೆಲ್ಲಾ ಒಲ್ಲೆ ಒಲ್ಲೆ ಅಂದಾಕಿ, ಮಂಡಳಿ ವೆಬ್‌ಸೈಟಿನ್ಯಾಗ ಭೋರ್ ಊರಿನ ಒಬ್ಬ ಕಾಲೇಜು ಮಾಸ್ತರ ಪುಟ ನೋಡಿ ಮೊದಲನೇ ಸಲ "ನಡೀತದ" ಅಂದಿದ್ದಳು. ಮಾವಶಿ ಮನ್ಯಾಗ ದೇವರಿಗೆ ತುಪ್ಪದ ದೀಪ ಹಚ್ಚಿದ್ರು.

ಎರಡು ತಿಂಗಳಾದ್ರೂ ಸುದ್ದಿ ಇಲ್ಲ. ಹಿಂತಾ ಹುಡುಗ ಕೈತಪ್ಪಿ ಹೋದರ ಆಕಿ ಇನ್ನೊಮ್ಮೆ ಹೂಂ ಅಂತಾಳೋ ಇಲ್ಲೋ ಅಂತ ನನಗ ಜೀವ ತಡೀಲಿಲ್ಲ. ಒಂದಿನ ಸಂಜಿಮುಂದ ಅವರ ಮನಿಗೆ ಹೋದೆ. ನಡುಮನ್ಯಾಗ ಕಂಪ್ಯೂಟರ್ ಚಾಲೂ, ಪರದೆ ಮ್ಯಾಲ ಮಾಸ್ತರು ನಗಕೋತ ಕೂತಿದ್ರು. ಫೋನ್ ಮಾಡಿದ್ರೇನು ಮಾವಶಿ ಅಂತ ಕೇಳಿದೆ.

"ಗಡಿಬಿಡಿ ಯಾಕವಾ? ತಗದ ಇಟ್ಟೇನಲ್ಲ."

ತಗದಿಟ್ಟರ ಏನಾತು? ಮಾವಶಿ ನನಗ ಸಣ್ಣ ಹುಡುಗಿಗೆ ಹೇಳಿದಂಗ ತಿಳಿಸಿ ಹೇಳಿದ್ರು. ಎಸ್‌ಟಿ ಬಸ್ಸಿನ ಕಿಟಕಿಯಿಂದ ಟಾವೆಲ್ ಒಗದು ಸೀಟು ಹಿಡೀತೇವಲ್ಲ, ಹಂಗ. ನಮ್ಮ ಮನ್ಯಾಗ ಪುಟ ತಗದಿರೂ ತನಕ ಹುಡುಗ ಬ್ಯಾರೆಯವರಿಗೆ ಕಾಣಸೂದಿಲ್ಲ. ಪುಷ್ಯ ಮಾಸ ಹೋಗಲಿ, ಆಮ್ಯಾಲೆ ಮಾತಾಡಿದ್ರಾತು. ಕರೆಂಟು ಹೋದರ ಇರಲಿ ಅಂತ ಇನ್ವರ್ಟರ್ ಬ್ಯಾರೆ ಹಾಕಿಸಿದ್ರು, ಕೆಲಸದಾಕಿಗೆ ಆ ಮೇಜು ಒರಸಲಿಕ್ಕೂ ಬಿಡ್ತಿರಲಿಲ್ಲ.

ನಾ ನನ್ನ ಮೊಬೈಲಿನ್ಯಾಗ ಅದ ಮಾಸ್ತರನ್ನ ತಗದು ಅವರ ಕೈಯಾಗ ಕೊಟ್ಟೆ. ಮಾವಶಿ ಒಮ್ಮೆ ಇದನ್ನ, ಒಮ್ಮೆ ಅದನ್ನ ನೋಡಿದ್ರು. ಮುಖ ಸಣ್ಣದಾತು.

"ಹಂಗಾರ ಎಲ್ಲಾರಿಗೂ ಕಾಣಸ್ತಾನೇನು?"

"ಎಲ್ಲಾರಿಗೂ."

ಪುಷ್ಯ ಮಾಸ ಎಲ್ಲೆ ಹೋತೋ, ಮಾವಶಿ ಫೋನ್ ಹಚ್ಚೇಬಿಟ್ರು. ಅತ್ತ ರಿಂಗ್ ಆಗೂದರಾಗ ನಾ ಒಳಗ ಹೋಗಿ ಮಗಳನ್ನ ಹಿಡಕೊಂಡೆ. ದಿನಾ ಕಂಪ್ಯೂಟರ್ ಮುಂದನ ಕೆಲಸಾ ಮಾಡಾಕಿ ನೀ, ಅವ್ವಗ ಒಂದು ಮಾತು ಹೇಳಬಾರದಿತ್ತೇನು ಅಂದೆ. ಆಕಿ ಚಹಾ ಸೋಸಕೋತ ತಲಿ ಎತ್ತಲಿಲ್ಲ. "ಇರಲಿ ಬಿಡು ಅಕ್ಕಾ. ಹೋಗ್ತ ಬರ್ತ ನನಗೂ ಕಾಣಸ್ತಿದ್ದ" ಅಂದಳು. ನನಗ ಆಕಿ ಮ್ಯಾಲೆ ಅಷ್ಟು ಪ್ರೀತಿ ಯಾವತ್ತೂ ಬಂದಿರಲಿಲ್ಲ.

ಹೊರಗ ಫೋನಿನ ಸ್ಪೀಕರಿನ್ಯಾಗ ಹುಡುಗನ ತಾಯಿ ಮಾತು ಶುರು ಆಗಿತ್ತು. "ನಿಮ್ಮ ಫೋನಿನ ಹಾದಿನ ನೋಡ್ತಿದ್ದಿವ್ರಿ. ನಿಮ್ಮ ಹುಡುಗೀನ್ನ ನಾವು ಎರಡು ತಿಂಗಳಿಂದ ತಗದ ಇಟ್ಟೇವಿ. ಒಂದಿನಾನೂ ಬಂದ್ ಮಾಡಿಲ್ರಿ."

ಮಾವಶಿ ಫೋನಿನ ಮ್ಯಾಲ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದ್ರು. ಗೆದ್ದವರ ಮುಖ. "ನೋಡಿದೇನು? ಎರಡೂ ಕಡೆ ಹಿಡದಿದ್ದಕ್ಕನ ಸೀಟು ಉಳೀತು."

ಮುಂದಿನ ತಿಂಗಳ ನಿಶ್ಚಯ ಆತು. ಸಕ್ಕರಿ ಹಂಚೂದು ಮುಗದ ಮ್ಯಾಲೆ ನಾ ಕೇಳಿದೆ, ಇನ್ನರೆ ಕಂಪ್ಯೂಟರ್ ಬಂದ್ ಮಾಡ್ಲೇನು ಮಾವಶಿ ಅಂತ. ಮಾವಶಿ ಬೀಗತಿ ಕಡೆ ನೋಡಿದ್ರು, ಬೀಗತಿ ಮಾವಶಿ ಕಡೆ ನೋಡಿದ್ರು. ಇಬ್ಬರೂ ಕೂಡೇ ಅಂದ್ರು:

"ತಲಿ ಮ್ಯಾಲ ಅಕ್ಷತಿ ಬೀಳೂ ತನಕ ಇರಲಿ."