ಸಾಧುವಿನ ಎದೆಯ ಅಯಸ್ಕಾಂತ

ಎಲ್ಲ ಶುರುವಾದದ್ದು ಅಂಗಿಯ ತೂತಿನಿಂದ.

"ರೀ, ಇದೇನು ಅಂಗಿನೋ, ಹಿಟ್ಟಿನ ಜರಡಿನೋ?" ಎಂದು ಹೆಂಡತಿ ಅಂಗಿಯ ಜೇಬನ್ನು ಬೆಳಕಿಗೆ ಹಿಡಿದಳು. ಸಾಧು ಕೆಲಸ ಮಾಡುವ ಪಾತ್ರೆ ಅಂಗಡಿಯಲ್ಲಿ ಎದೆಗೆ ಹೆಸರಿನ ಬಿಲ್ಲೆ ಚುಚ್ಚಿಕೊಳ್ಳಲೇಬೇಕು. ಬಿಲ್ಲೆಯ ಪಿನ್ನಿಗೂ ಅಂಗಿಗೂ ಹುಟ್ಟು ವೈರ. "ಇವತ್ತು ಹಾಕ್ಕೊಳ್ತಿರೋದು ಹೊಸ ಅಂಗಿ. ಇದಕ್ಕೂ ತೂತು ಬಿದ್ರೆ ನಾಳೆಯಿಂದ ಹಾಗೇ ಹೋಗಿ, ಬಿಲ್ಲೆ ಮೈಗೇ ಚುಚ್ಕೊಳ್ಳಿ!"

ಸಾಧು ಎಂದರೆ ಹೆತ್ತವರಿಟ್ಟ ಹೆಸರಲ್ಲ. ಯಾರು ಬೈದರೂ ಹಲ್ಲು ಕಿರಿಯುವವನಿಗೆ ಬೀದಿಯವರೇ ಇಟ್ಟ ಹೆಸರು. ಈಗಲೂ ಹಲ್ಲು ಕಿರಿದ.

ಅಕ್ಕನ ಪರವಾಗಿ ಭಾಮೈದ ಎದ್ದು ಬಂದ. ಅವನದು ಸ್ಪೀಕರ್ ರಿಪೇರಿ ಕೆಲಸ. "ಭಾವ, ಪಿನ್ನಿನ ಕಾಲ ಮುಗೀತು" ಎಂದು ಗುಂಡಿಯಷ್ಟೇ ಗಾತ್ರದ ಎರಡು ಅಯಸ್ಕಾಂತ ತಂದ. ಒಂದನ್ನು ಬಿಲ್ಲೆಯ ಬೆನ್ನಿಗೆ ಅಂಟಿಸಿ, ಇನ್ನೊಂದನ್ನು ಅಂಗಿಯ ಒಳಗಿಟ್ಟ. ಟಪ್! ನಡುವೆ ಸಿಕ್ಕ ಸಾಧುವಿನ ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತು.

"ಗಟ್ಟಿ ಇದೆಯೇನೋ?"

"ಭಾವ, ನೀವು ಬಿದ್ರೂ ಇದು ಬೀಳಲ್ಲ."

ಬಸ್ಸಿನಲ್ಲಿ ಜನ ಒತ್ತಿದ್ದೇ ತಡ, ಸಾಧು ಕಬ್ಬಿಣದ ಕಂಬಕ್ಕೆ ಹೋಗಿ ಕಚ್ಚಿಕೊಂಡ.

"ಏನಣ್ಣಾ, ಕಂಬ ನಿಮ್ಮ ಸಂಬಂಧಿಕರಾ?" ಎಂದ ಕಂಡಕ್ಟರ್. "ಇಳೀಬೇಕಾದ್ರೆ ಅದನ್ನ ಇಲ್ಲೇ ಬಿಟ್ಟು ಹೋಗಿ, ಬಸ್ಸಿಗೆ ಬೇಕು!"

ಹಿಂದಿದ್ದವರೆಲ್ಲ ಸೇರಿ ಕಿತ್ತುಕೊಡುವ ಹೊತ್ತಿಗೆ ಸಾಧುವಿನ ಸ್ಟಾಪು ಹಿಂದೆ ಹೋಗಿತ್ತು.

ಓಡೋಡಿ ಅಂಗಡಿಗೆ ಬಂದರೆ ಬಾಗಿಲಲ್ಲೇ ಯಜಮಾನರು. ಹಿಂದಿನ ವಾರ ಒಬ್ಬನ ಜೇಬಿನಲ್ಲಿ ಟೀ ಸೋಸುವ ಜಾಲರಿ ಸಿಕ್ಕಿದ್ದರಿಂದ ಅವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು. "ಲೇಟಾಗಿದ್ದು ಆಮೇಲೆ ನೋಡ್ಕೋತೀನಿ. ಇದು ಮಾತ್ರ ನೆನಪಿರಲಿ. ಅಂಗಡಿ ಸಾಮಾನು ಯಾರ ಮೈಮೇಲೆ ಸಿಕ್ಕಿದ್ರೂ ಅವನಿಗೆ ಅವತ್ತೇ ಕೊನೇ ದಿನ."

ಸಾಧು ತಲೆಯಾಡಿಸಿ ಚಮಚದ ತಟ್ಟೆಗಳನ್ನು ಒರೆಸಲು ಬಗ್ಗಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿರುತ್ತಾರೆ. ಸಾಧು ಮುಟ್ಟಿ ನೋಡಿಕೊಳ್ಳಬೇಕಾಗಿದ್ದದ್ದು ಎದೆಯನ್ನು. ಪಾಪ, ಅದು ಅವನಿಗೆ ಹೊಳೆಯಲಿಲ್ಲ. ಮಧ್ಯಾಹ್ನ ಊಟಕ್ಕೆಂದು ಬಾಗಿಲಿಗೆ ಬಂದಾಗ ಅವನ ಬಿಲ್ಲೆಗೆ ಮೂರು ಚಮಚಗಳು ಪದಕಗಳ ಹಾಗೆ ನೇತಾಡುತ್ತಿದ್ದವು.

"ಅಬ್ಬಬ್ಬಾ!" ಯಜಮಾನರ ಕೂಗಿಗೆ ಅಂಗಡಿಯೇ ತಿರುಗಿತು. "ಕದಿಯೋರು ಬಚ್ಚಿಟ್ಕೋತಾರೆ ಕಣೋ! ನೀನು ಶೃಂಗಾರ ಮಾಡ್ಕೊಂಡು ಹೊರಟಿದೀಯಲ್ಲೋ!"

"ಯಜಮಾನ್ರೇ, ನಾನು ತಗೊಂಡಿಲ್ಲ. ಅವೇ ಬಂದಿವೆ!"

ಗಲ್ಲಾದಲ್ಲಿ ಕೂತಿದ್ದ ಯಜಮಾನರ ಹೆಂಡತಿ, "ಚಮಚಕ್ಕೆ ಕಾಲು ಬಂತಾ?" ಎಂದರು. ಯಜಮಾನರು ಒಂದು ಚಮಚ ಕಿತ್ತರು. ಕೈಬಿಟ್ಟೊಡನೆ ಅದು ತವರಿಗೆ ಓಡುವ ಮಗಳ ಹಾಗೆ ಹಾರಿ ಮತ್ತೆ ಸಾಧುವಿನ ಎದೆ ಸೇರಿತು. ಸಾಧು ಅಳುಮುಖ ಮಾಡಿಕೊಂಡು ಅಯಸ್ಕಾಂತದ ಕತೆ ಹೇಳಿದ.

ಮಗಳ ಹೊಸ ಮನೆಗೆಂದು ಪಾತ್ರೆಗಳ ಗುಡ್ಡೆಯನ್ನೇ ಆರಿಸಿಟ್ಟಿದ್ದ ದಪ್ಪ ಕನ್ನಡಕದ ಹೆಂಗಸು ಮುಂದೆ ಬಂದರು.

"ತಡೀರಿ. ಒಳ್ಳೇ ಸ್ಟೀಲಿಗೆ ಅಯಸ್ಕಾಂತ ಹಿಡಿಯಲ್ಲ ಅಂತಾರಲ್ಲ? ನಿಮ್ಮ ಚಮಚ ಹಿಡೀತಿದೆ. ಪಾತ್ರೆ ಕತೆ ಏನು?"

"ಅಮ್ಮಾ, ಚಮಚದ ಸ್ಟೀಲು ಬೇರೆ, ಪಾತ್ರೆದು ಬೇರೆ..." ಯಜಮಾನರ ಹಣೆ ಬೆವರಿತು.

"ನೋಡೇಬಿಡೋಣ. ಬಾರಪ್ಪಾ ಇಲ್ಲಿ."

ಅವರು ಸಾಧುವಿನ ತೋಳು ಹಿಡಿದು ಎಳೆದೊಯ್ದು, ಚಮಚಗಳನ್ನು ಕಿತ್ತು ದೂರವಿಟ್ಟು, ಒಂದೊಂದೇ ಪಾತ್ರೆಯನ್ನು ಅವನ ಎದೆಗೆ ಒತ್ತಿದರು. ಬೋಗುಣಿ ಅಂಟಲಿಲ್ಲ. ಡಬ್ಬಿ ಅಂಟಲಿಲ್ಲ. ಪ್ರತಿ ಪಾತ್ರೆಗೂ ಸಾಧು ಉಸಿರು ಬಿಗಿಹಿಡಿದ. ಒಂದು ಅಂಟಿದರೂ ಅಂಗಡಿಯ ಮಾನದ ಜೊತೆ ತನ್ನ ಕೆಲಸವೂ ಹೋದಂತೆಯೇ. ಅಂಗಡಿಯ ಗಿರಾಕಿಗಳೆಲ್ಲ ಸುತ್ತ ನೆರೆದು, "ಅಂಟಿದ್ರೆ ಖೋಟಾ, ಅಂಟದಿದ್ರೆ ಅಸಲಿ!" ಎಂದು ಒಬ್ಬರಿಗೊಬ್ಬರು ಪಾಠ ಹೇಳಿಕೊಂಡರು. ಕೊನೆಯ ಕೊಳಗವೂ ಅಂಟದೆ ಜಾರಿತು.

"ಚಿಂತೆಯಿಲ್ಲ, ಅಷ್ಟೂ ಕಟ್ಟಿ" ಎಂದರು ಹೆಂಗಸು. "ಮಿಕ್ಕವರೂ ತಗೊಳ್ಳಿ. ಮಾಲು ಚೊಕ್ಕವಾಗಿದೆ!"

ಸಾಧುವಿಗೆ ಹೋದ ಜೀವ ಬಂದಂತಾಯಿತು. ಯಜಮಾನರಿಗೆ ಅದಕ್ಕಿಂತ ಹೆಚ್ಚು. "ನಿನ್ನ ಕೆಲಸ ಇನ್ನು ಯಾರೂ ಕಿತ್ಕೊಳ್ಳೋ ಹಾಗಿಲ್ಲ, ಬಾರೋ!" ಎಂದು ಓಡಿಬಂದು ಅವನನ್ನು ಬಾಚಿ ತಬ್ಬಿಕೊಂಡರು.

ಟಪ್!

ಯಜಮಾನರ ಕೊರಳಿನ, ಅವರ ಮಾವ ಮದುವೆಯಲ್ಲಿ ಹಾಕಿದ ಹಗ್ಗದಂಥ ಚಿನ್ನದ ಸರ ಸಾಧುವಿನ ಬಿಲ್ಲೆಗೆ ಕಚ್ಚಿಕೊಂಡಿತ್ತು. ಚಿನ್ನಕ್ಕೂ ಅಯಸ್ಕಾಂತ ಹಿಡಿಯುವುದಿಲ್ಲ ಎಂಬುದು ಸಾಧುವಿಗೂ ಗೊತ್ತಿತ್ತು. ಅವನು ಬಾಯಿ ತೆರೆದ.

"ಮುಚ್ಚು!" ಕಿವಿಯಲ್ಲಿ ಯಜಮಾನರ ಪಿಸುಮಾತು. "ಅಸಲಿ ಸರ ಯಾವತ್ತೋ ಮಾರಿದೀನಿ. ಇದಕ್ಕೆ ಬಣ್ಣ ಹೊಡ್ಸಿದೀನಿ. ನಮ್ಮೋಳಿಗೆ ಗೊತ್ತಾದ್ರೆ ನಾನು ಬೀದಿಗೆ. ನನಗಿಂತ ಮೊದಲು ನೀನು! ಕದಲಬೇಡ."

"ಎಷ್ಟೊತ್ತು ಯಜಮಾನ್ರೇ?"

"ಅವಳು ಊಟಕ್ಕೆ ಮನೆಗೆ ಹೋಗೋ ತನಕ. ನಗ್ತಾ ಇರು."

ಇಬ್ಬರೂ ನಗುತ್ತ, ಒಬ್ಬರ ಬೆನ್ನು ಇನ್ನೊಬ್ಬರು ತಟ್ಟುತ್ತ ನಿಂತರು. ಯಜಮಾನರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಮನೆಯಿಂದ ಊಟ ಇಲ್ಲಿಗೇ ತರಿಸ್ರೋ" ಎಂದು ಕುರ್ಚಿಯನ್ನು ಅವರ ಪಕ್ಕಕ್ಕೇ ಎಳೆದುಕೊಂಡು ಕೂತರು. "ಕೆಲಸದೋನನ್ನ ಇಷ್ಟು ಪ್ರೀತಿಯಿಂದ ಅಪ್ಪಿಕೊಂಡಿದಾರೆ. ಇದನ್ನ ಬಿಟ್ಟು ನಾನು ಹೇಗೆ ಹೋಗಲಿ?"