ಬಾಜೂದಿಂದ ಬಿದ್ದ ಬೆಳಕು

ಮನುಷ್ಯನಿಗೆ ಹಟ ಇರಬೇಕು ಎಂದು ನಂಬಿದವನು ನಾನು. ಡಾಕ್ಟರ ಹತ್ತಿರ ಹೋಗುವುದಿಲ್ಲವೆಂಬ ಹಟದಲ್ಲಿ ಎರಡು ಹಲ್ಲು ಕಳೆದುಕೊಂಡಿದ್ದೇನೆ. ಗೋಕಾಕದಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ. ಬೆಲ್ಲದ ಬಾಗೇವಾಡಿಯ ಅಪ್ಪಾಸಾಹೇಬರು ಹಿರಿಯ ಮಗಳ ಮದುವೆಗೆ ನಾನು ಮಾಡಿಕೊಟ್ಟ ಆಲ್ಬಮ್ ನೋಡಿ, "ಎಲ್ಲಾರ ಮಾರಿ ಸುಣ್ಣಾ ಬಡದ ಗ್ವಾಡಿ ಆಗ್ಯಾವಲ್ರಿ" ಎಂದಿದ್ದರು. ಕ್ಯಾಮೆರಾದ ತಲೆಯ ಮೇಲೆ ಫ್ಲ್ಯಾಶ್ ಕೂಡಿಸಿ ಎದುರಿಗೇ ಹೊಡೆದರೆ ಹಾಗೇ ಆಗುತ್ತದೆ. ಆದರೂ ಮಾತು ನಾಟಿತು. ಕಿರಿಯ ಮಗಳ ಮದುವೆಯನ್ನೂ ಅವರು ನನಗೇ ಒಪ್ಪಿಸಿದಾಗ, ಗೋಡೆಗೆ ತೂಗುಹಾಕುವಂಥ ಒಂದು ಗ್ರೂಪ್ ಫೋಟೊ ತೆಗೆದುಕೊಡದಿದ್ದರೆ ಇನ್ನು ಆ ಊರಿಗೆ ಕ್ಯಾಮೆರಾ ಒಯ್ಯುವುದಿಲ್ಲ ಎಂದು ಹೆಂಡತಿಯ ಮುಂದೆ ಆಣೆ ಮಾಡಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ನನ್ನ ಆಣೆಗಳು ಆಕೆಗೆ ಹೊಸವಲ್ಲ.

ಬೆಳಗಾವಿಗೆ ಹೋಗಿ ಟ್ರಿಗರ್ ತಂದೆ. ಬೆಂಕಿಪೆಟ್ಟಿಗೆಯಂಥ ಎರಡು ಡಬ್ಬಿ. ಒಂದನ್ನು ಕ್ಯಾಮೆರಾದ ಮೇಲೆ, ಇನ್ನೊಂದನ್ನು ದೂರದಲ್ಲಿ ನಿಲ್ಲಿಸಿದ ಫ್ಲ್ಯಾಶಿಗೆ ಸಿಕ್ಕಿಸಿದರೆ, ಇಲ್ಲಿ ಗುಂಡಿ ಒತ್ತಿದಾಗ ವೈರಿನ ಹಂಗಿಲ್ಲದೆ ಅಲ್ಲಿ ಬೆಳಕು ಹೊಡೆಯುತ್ತದೆ. ಬಾಜೂದಿಂದ ಬೆಳಕು ಬಿದ್ದಾಗ ಮೂಗು ಮೂಗಿನ ಹಾಗೆ ಕಾಣುತ್ತದೆ. ಒಂದು ವಾರ ಹೆಂಡತಿಯನ್ನೂ ನೀರಿನ ಕೊಡವನ್ನೂ ಪಕ್ಕದ ಮನೆಯ ಎಮ್ಮೆಯನ್ನೂ ಬಿಡದೆ ತಾಲೀಮು ಮಾಡಿದೆ. ಎಮ್ಮೆ ಚೆನ್ನಾಗಿ ಬಂತು.

ಬೆಳಕು ಮೆತ್ತಗಾಗಲೆಂದು ಫ್ಲ್ಯಾಶಿನ ಸ್ಟ್ಯಾಂಡಿಗೆ ಒಂದು ಬಿಳಿ ಛತ್ರಿ. ಗಾಳಿಗೆ ಅದು ಬೀಳದಂತೆ ಹಿಡಿಯಲು, ಪಕ್ಕದಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುವ ಶಿವಪ್ಪ ಕಾಕಾನನ್ನು ಕರೆದೊಯ್ದೆ. ಆರಡಿ ಎತ್ತರ, ಗಿರಿಜಾ ಮೀಸೆ, ಇಸ್ತ್ರಿ ಮಾಡಿದ ಧೋತರ. ಅಪ್ಪಾಸಾಹೇಬರದು ಹೊತ್ತು ಮುಳುಗುವುದರೊಳಗೆ ಉಣ್ಣುವ ಜೈನ ಮನೆತನ. ಸಂಜೆಯ ಪಂಕ್ತಿಗೆ ಏಳುವ ಮೊದಲು ನನಗೆ ಸಿಕ್ಕಿದ್ದು ಅರ್ಧ ತಾಸು. ನಲವತ್ತು ಮಂದಿಯನ್ನು ಅಂಗಳದಲ್ಲಿ ಮೂರು ಸಾಲು ಮಾಡಿ ನಿಲ್ಲಿಸಿ, ಪರೀಕ್ಷೆಗೆಂದು ಒಮ್ಮೆ ಫ್ಲ್ಯಾಶ್ ಹೊಡೆದೆ. ಅದೇ ತಪ್ಪಾಯಿತು. ನಲವತ್ತೂ ಮುಖ ಕಾಕಾನ ಕಡೆ ತಿರುಗಿದವು. ಬೆಳಕು ಎಲ್ಲಿಂದ ಬರುತ್ತದೋ ಫೋಟೊ ತೆಗೆಯುವವನು ಅಲ್ಲಿರುತ್ತಾನೆ ಎಂಬುದು ಅವರ ಇಷ್ಟು ವರ್ಷದ ಅನುಭವ. ಅದನ್ನು ಕಲಿಸಿದವನೂ ನಾನೇ.

ಕೈ ಬೀಸಿದೆ, ಕೂಗಿದೆ, ಕುರ್ಚಿ ಹತ್ತಿದೆ. ಮರ್ಯಾದೆಗೆಂದು ಎಲ್ಲರೂ ಒಮ್ಮೆ ನನ್ನತ್ತ ನೋಡಿ, ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಕಾಕಾನಿಗೆ ಹಲ್ಲು ತೋರಿಸಿದರು. ಫ್ಲ್ಯಾಶನ್ನು ಮತ್ತೆ ಕ್ಯಾಮೆರಾದ ತಲೆಗೇರಿಸಿದ್ದರೆ ಮುಗಿಯುತ್ತಿತ್ತು. ಅದೊಂದನ್ನು ಮಾತ್ರ ಮಾಡಲಾರೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅಪ್ಪಾಸಾಹೇಬರ ತಾಯಿಯ ಎದುರು ಮೊಣಕಾಲೂರಿ, ಫೋಟೊ ತೆಗೆಯುವವನು ನಾನು, ನನ್ನನ್ನು ನೋಡಿ ಎಂದು ಬೇಡಿಕೊಂಡೆ. ಅಜ್ಜಿ ಕನಿಕರದಿಂದ, "ನೀ ನಡುವ ಬರಬ್ಯಾಡೊ ತಮ್ಮಾ, ಅವ್ರಿಗೆ ತಗಿಯಾಕ ಬಿಡು" ಎಂದರು. ಹೊತ್ತು ಇಳಿಯಿತು, ಜನ ಊಟಕ್ಕೆ ಎದ್ದರು. ನಾನು ಹಟದಿಂದ ತೆಗೆದ ಹನ್ನೆರಡು ಫೋಟೊಗಳಲ್ಲಿ ಒಬ್ಬರೂ ನನ್ನನ್ನು ನೋಡಿರಲಿಲ್ಲ. ಊಟವಾದ ಮೇಲೆ ಕಾಕಾನ ತಲೆಗೆ ಪಟಕಾ ಸುತ್ತಿ ತೆಂಗಿನಕಾಯಿ ಕೊಟ್ಟರು. ನನಗೊಂದು ಟಾವೆಲ್ಲು.

ವಾರದ ನಂತರ ಆಲ್ಬಮನ್ನೂ ಕಟ್ಟು ಹಾಕಿಸಿದ ಗ್ರೂಪ್ ಫೋಟೊವನ್ನೂ ಅಳುಕುತ್ತಲೇ ಒಯ್ದೆ. ಅಪ್ಪಾಸಾಹೇಬರು ಗ್ರೂಪ್ ಫೋಟೊವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಒಬ್ಬೊಬ್ಬರ ಮೂಗು, ಅಜ್ಜಿಯ ಗಲ್ಲದ ಸುಕ್ಕು, ಎಲ್ಲ ಎದ್ದು ಕಾಣುತ್ತಿತ್ತು. ಗೆದ್ದೆ ಎಂದುಕೊಂಡೆ. ಗೋಡೆಗೆ ಮೊಳೆ ಹೊಡೆಸಿ, ಫೋಟೊ ತೂಗುಹಾಕಿಸಿ ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು.

"ನಿಮ್ಮ ಕೈಲೆ ಆಗೂದಿಲ್ಲಂತ ತಿಳದು ದೊಡ್ಡವರ್ನ ಕರಕೊಂಡ ಬಂದ್ರಲ್ಲಾ, ಅದು ಚಲೋ ಮಾಡಿದ್ರಿ. ತಮ್ಮನ ಮಗನ ಮದುವಿಗೂ ಆ ಮೀಸಿಯವ್ರನ್ನ ಕಳಸ್ರಿ."

ನಿಜ ಹೇಳಲು ಬಾಯಿ ತೆರೆದೆ. ಗೋಡೆಯ ಮೇಲಿನ ನಲವತ್ತು ಮಂದಿಯೂ ನನ್ನನ್ನು ಬಿಟ್ಟು ಬಾಜೂಕೇ ನೋಡುತ್ತಿದ್ದರು. ಕಾಕಾನ ಕ್ಯಾಮೆರಾ ಹೊರಲು ಯಾರಾದರೂ ಬೇಕಾಗುತ್ತದೆ, ಜೊತೆಗೆ ನಾನೂ ಬರಲೇ ಎಂದು ಕೇಳಿದೆ. ಅಪ್ಪಾಸಾಹೇಬರು ಸ್ವಲ್ಪ ಯೋಚಿಸಿ ಒಪ್ಪಿದರು.