ಡಬ್ಬಿಗೆ ಗಾಳಿ ಬೀಸಿದ ಕಾಕಾ

ನಮ್ಮ ಕಾಕಾ ಜೀವಮಾನದಲ್ಲಿ ಒಬ್ಬ ಮನುಷ್ಯನಿಗೂ ಗಾಳಿ ಬೀಸಿದವರಲ್ಲ. ಬೀಸಿದ್ದು ಒಂದು ತಗಡಿನ ಡಬ್ಬಿಗೆ! ಸುಳ್ಳೆನಿಸಿದರೆ ಗಜೇಂದ್ರಗಡದ ನಮ್ಮ ಓಣಿಯಲ್ಲಿ ಯಾರನ್ನಾದರೂ ಕೇಳಿ. ನನಗಿಂತ ಎರಡು ಮಾತು ಹೆಚ್ಚೇ ಸೇರಿಸಿ ಹೇಳುತ್ತಾರೆ.

ಓಣಿಗೆಲ್ಲ ಸೇರಿ ಎರಡೋ ಮೂರೋ ಮೊಬೈಲು ಇದ್ದ ಕಾಲ. ಸೀರೆ ನೇಯುವ ಕಾಕಾ ತಮ್ಮ ಕೈಮಗ್ಗಕ್ಕೆ ಒಂದು ಪುಟ್ಟ ಕಂಪ್ಯೂಟರ್ ಡಬ್ಬಿ ತಂದು ಕೂರಿಸಿದರು. ಸೆರಗಿನ ಚಿತ್ತಾರವೆಲ್ಲ ಅದರ ನೆನಪಿನಲ್ಲಿ. ಯಾವ ಎಳೆ ಏಳಬೇಕೆಂದು ಅದು ಹೇಳುತ್ತಿತ್ತು, ಮಗ್ಗದ ಮೇಲಿನ ಯಂತ್ರ ಎಬ್ಬಿಸುತ್ತಿತ್ತು. ಬಂದ ವಾರಕ್ಕೇ ಅದಕ್ಕೆ ಧೂಳು, ದೃಷ್ಟಿ ಎರಡೂ ತಾಗಬಾರದೆಂದು ಕೆಂಪು ಮಖಮಲ್ಲಿನ ಟೊಪ್ಪಿಗೆ ಹೊಲಿಸಿದರು. ಸ್ವಂತಕ್ಕೆ ಹೊಸ ಅಂಗಿ ಹೊಲಿಸಿ ಎಷ್ಟು ವರ್ಷವಾಗಿತ್ತೋ!

ಬೇಸಿಗೆ ಬಂತು, ಡಬ್ಬಿ ಮುಟ್ಟಿದರೆ ಸುಡತೊಡಗಿತು. ಮನೆಯ ಏಕೈಕ ಟೇಬಲ್ ಫ್ಯಾನು ಅಡುಗೆಮನೆಯಿಂದ ಮಗ್ಗದ ಕೋಣೆಗೆ ವರ್ಗವಾಯಿತು.

“ಒಲಿ ಮುಂದ ನಾ ಬೇಯಾಕತ್ತೀನಿ, ಫ್ಯಾನ್ ಅದಕ್ಕ ಹಚ್ಚೀರೇನು?” ಎಂದಳು ಕಾಕಾನ ಹೆಂಡತಿ, ನಮ್ಮ ಕಾಕು.

“ಅದು ಬಿಸಿ ಆದ್ರ ಬಂದ್ ಬೀಳತೈತಿ. ನೀ ಎಂದರ ಬಂದ್ ಬಿದ್ದೀಯೇನು?”

ಕರೆಂಟು ಹೋದರೆ ಡಬ್ಬಿಗೆ ಬ್ಯಾಟರಿ ಇತ್ತು, ಫ್ಯಾನಿಗಿರಲಿಲ್ಲ. ಆಗ ನೋಡಬೇಕಿತ್ತು ನಮ್ಮ ಕಾಕಾನನ್ನು! ನಾಲ್ಕು ಎಳೆ ನೇಯುವುದು, ಲಾಳಿ ಬಿಟ್ಟು ಬೀಸಣಿಕೆ ಹಿಡಿಯುವುದು. ಇಷ್ಟಾದರೂ ಒಂದು ಮಧ್ಯಾಹ್ನ ಡಬ್ಬಿ ತಲೆಕೆಟ್ಟು ಸೆರಗಿನ ನವಿಲುಗಳೆಲ್ಲ ರುಂಡವಿಲ್ಲದೆ ಹೊರಬಂದವು. ರೋಣದಿಂದ ಕಾಲೇಜು ರಜೆಗೆ ಬಂದಿದ್ದ ನಾನು, “ಕಾಕಾ, ನವಿಲಿಗೆ ತಲಿನ ಇಲ್ಲಲ್ರೀ!” ಎಂದೆ.

ಕಾಕು ಅಡುಗೆಮನೆಯಿಂದಲೇ ಕೂಗಿದಳು: “ನೇಯ್ದಾವ್ರಿಗರ ಐತೇನು ನೋಡು!”

ಮರುದಿನ ಡಬ್ಬಿ ಪೂರ್ತಿ ನಿಂತಿತು. ಕಾಕಾ ಊಟ ಬಿಟ್ಟರು. ಹುಬ್ಬಳ್ಳಿಯಿಂದ ಬಂದ ಮೆಕ್ಯಾನಿಕ್ ಮುಚ್ಚಳ ತೆಗೆದವನೇ ಹಣೆ ಬಡಿದುಕೊಂಡ. ಫ್ಯಾನಿನ ಗಾಳಿ ಮಗ್ಗದ ನೂಲಿನ ಧೂಳನ್ನೆಲ್ಲ ಒಳಗೆ ತುಂಬಿತ್ತು!

“ಕಾಕಾರ, ಗಾಳಿ ಆಡೋ ತೂತೆಲ್ಲಾ ಮುಚ್ಚ್ಯಾವ. ಮ್ಯಾಲೆ ಮಖಮಲ್ ಬ್ಯಾರೆ! ಬ್ಯಾಸಿಗ್ಯಾಗ ನಿಮಗ ಕಂಬಳಿ ಹೊಚ್ಚಿ ಗಾಳಿ ಬೀಸಿದ್ರ ಹ್ಯಾಂಗ್ರಿ?”

ಅವನು ಒಳಗೆಲ್ಲ ಗುಡಿಸಿ, ಟೊಪ್ಪಿಗೆ ಕಿತ್ತೆಸೆದು, ಗಾಳಿಯಾಡುವಂತೆ ಡಬ್ಬಿಯನ್ನು ಗೋಡೆಯಿಂದ ದೂರ ತೂಗುಹಾಕಿ ಹೋದ. ಡಬ್ಬಿ ತಣ್ಣಗೆ ಕೆಲಸ ಮಾಡತೊಡಗಿತು. ನಾನು ನಗು ತಡೆಯಲಾರದೆ, “ಇಷ್ಟ್ಯಾಕ ತ್ರಾಸ ಕಾಕಾ? ಮೊದಲಿನಂಗ ಕೈಲೇ ಎಳಿ ಎತ್ತಿದ್ರ ಆತಲ್ಲ” ಎಂದೆ.

ಕಾಕಾ ನಗಲಿಲ್ಲ.

“ಎತ್ತಾಕಿ ಯಾರು, ನಿಮ್ಮ ಕಾಕು. ಹದಿನೆಂಟು ವರ್ಷ ನನ್ನ ಮಗ್ಗಲಾಗ ಕುಂತು ಎಳಿ ಎತ್ತಿ ಎತ್ತಿ ಆಕಿ ಭುಜಾ ಹಿಡಕೊಂಡಿತ್ತು. ಕೈ ತಲಿ ಮಟ ಏಳ್ತಿದ್ದಿಲ್ಲ. ಮತ್ತ ಆಕಿನ್ನ ಅಲ್ಲಿ ಕುಂದರಸಾಕ ನನ್ನ ಕೈಲೇ ಆಗೂದಿಲ್ಲಪಾ.”

ಹಿತ್ತಲ ಬಾಗಿಲಲ್ಲಿ ಕಾಕು ನಮಗೆ ಬೆನ್ನು ಮಾಡಿ ಕೂತಿದ್ದಳು. ಎರಡೂ ಕೈ ಮೇಲೆತ್ತಿ ತನ್ನ ಹೆರಳನ್ನು ತಾನೇ ಹೆಣೆದುಕೊಳ್ಳುತ್ತಿದ್ದಳು. ಅದು ಮುಗಿಯುವವರೆಗೂ ಕಾಕಾ ಲಾಳಿ ಮುಟ್ಟಲಿಲ್ಲ.